ಹಳದಿ ಕ್ಯಾಸೆಟ್ಟಿನ ಟೀವಿ ಗೇಮ್: ಅಸಲಿನಾ, ನಕಲಿನಾ?

ಪ್ರಶ್ನೆ: ಕಲಬುರಗಿಯ ನಮ್ಮ ಹಳೆ ಮನೆ ಖಾಲಿ ಮಾಡುವಾಗ ಟ್ರಂಕಿನಲ್ಲಿ ಟೀವಿ ಗೇಮ್ ಸಿಕ್ಕಿತು. ಜತೆಗೆ ಹಳದಿ ಕ್ಯಾಸೆಟ್, ಒಂದು ಪ್ಲಾಸ್ಟಿಕ್ ಗನ್. ನಿಂಟೆಂಡೊ ಅಂತ ಎಲ್ಲೂ ಬರೆದಿಲ್ಲ. ಆದರೆ ನಾವು ಇದರಲ್ಲಿ ಆಡುತ್ತಿದ್ದದ್ದು ಮಾರಿಯೋನೇ. ಹಾಗಾದರೆ ಇದು ಅಸಲಿನಾ?

ಡಬ್ಬಿ ನಕಲಿ, ಆಟ ಅಸಲಿ. ಊರಿನ ಹೆಸರು ಇನ್ನೂ ಗುಲ್ಬರ್ಗ ಅಂತಿದ್ದಾಗ ಬೆಳೆದ ನನ್ನಂಥವರಿಗೆಲ್ಲ ಇದೇ ಅನುಮಾನ.

ಅಸಲಿಯ ಹೆಸರು ಫ್ಯಾಮಿಲಿ ಕಂಪ್ಯೂಟರ್. ಜಪಾನಿನ ನಿಂಟೆಂಡೊ ಕಂಪನಿ ಅದನ್ನು 1983ರ ಜುಲೈ 15ರಂದು ಮಾರಾಟಕ್ಕಿಟ್ಟಿತು. ಕೆಂಪು-ಬಿಳಿ ಪೆಟ್ಟಿಗೆ, ಬೆಲೆ 14,800 ಯೆನ್. ಅದನ್ನು ರೂಪಿಸಿದವರು ಮಸಾಯುಕಿ ಉಯೆಮುರಾ ಎಂಬ ಎಂಜಿನಿಯರ್. 1985ರಲ್ಲಿ ಅಮೆರಿಕಕ್ಕೆ ಹೋದಾಗ ಆಕಾರವೂ ಬದಲಾಯಿತು, ಹೆಸರೂ ಎನ್‌ಇಎಸ್ (ನಿಂಟೆಂಡೊ ಎಂಟರ್‌ಟೇನ್‌ಮೆಂಟ್ ಸಿಸ್ಟಂ) ಆಯಿತು. ಎರಡೂ ಸೇರಿ ಸುಮಾರು 6 ಕೋಟಿ 19 ಲಕ್ಷ ಪೆಟ್ಟಿಗೆ ಮಾರಾಟವಾದವು. ನಮ್ಮ ಮನೆಗಳಿಗೆ ಬಂದವು ಆ ಲೆಕ್ಕದಲ್ಲಿಲ್ಲ ಬಿಡಿ.

ನಿಮ್ಮದನ್ನು ಸ್ಕ್ರೂ ಬಿಚ್ಚಿ ನೋಡಿ. ಬೋರ್ಡಿನ ಮೇಲೆ ಕರಿ ಡಾಂಬರಿನ ಹನಿ ಬಿದ್ದಂಥ ಉಂಡೆ ಇದ್ದರೆ ಅದು ನಕಲಿ. ಅಸಲಿಯಲ್ಲಿ ಬೇರೆ ಬೇರೆ ಚಿಪ್ ಮಾಡುತ್ತಿದ್ದ ಕೆಲಸವನ್ನು ನಕಲು ಮಾಡಿದವರು ಆ ಒಂದು ಉಂಡೆಯೊಳಗೆ ತುರುಕಿದ್ದರು. ಅದಕ್ಕೇ ಅಷ್ಟು ಅಗ್ಗ. ಕ್ಯಾಸೆಟ್ಟಿನ ಪಿನ್ನುಗಳನ್ನೂ ಎಣಿಸಿ. 60 ಇದ್ದರೆ ಜಪಾನಿನ ಅಳತೆ. ಅಮೆರಿಕದ್ದಕ್ಕೆ 72 ಇರುತ್ತವೆ.

ಆಟದ ಕತೆ ಬೇರೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್, ಅಷ್ಟೇ. ನಿಮ್ಮ ಫೋನಿನ ಒಂದು ಫೋಟೋ ಅದಕ್ಕಿಂತ ಎಷ್ಟೋ ದೊಡ್ಡದು. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಹಾಕಿದ್ದಾರೆ. ಮೇಲೆ ಬಿಳಿ, ಕೆಳಗೆ ಹಸಿರು. ಎಷ್ಟು ವರ್ಷ ಆಡಿದರೂ ನನಗೆ ಇದು ಕಂಡಿರಲೇ ಇಲ್ಲ! ನಕಲು ಮಾಡಿದವರು ಇದನ್ನು ಹೊಸದಾಗಿ ಬರೆಯಲಿಲ್ಲ, ಇದ್ದ ಹಾಗೇ ಎತ್ತಿಕೊಂಡರು. ಹಾಗಾಗಿ ನೀವು ಹಾರಿದ ಪ್ರತಿ ಗುಂಡಿಯೂ ಜಪಾನಿನ ಹುಡುಗ ಹಾರಿದ ಗುಂಡಿಯೇ.

ಅವರು ಸ್ವಂತಕ್ಕೆ ಸೇರಿಸಿದ್ದು ಮೆನು. ನಮ್ಮ ಮಾಮಾ ಹೈದರಾಬಾದಿನಿಂದ ತಂದ ಕ್ಯಾಸೆಟ್ಟಿನ ಮೇಲೆ '9999999 ಇನ್ 1' ಅಂತಿತ್ತು. ಒಂದು ರಜೆಯಲ್ಲಿ ಅಕ್ಕ ನೋಟ್‌ಬುಕ್ ಹಿಡಿದು ಎಣಿಸಲು ಕೂತಳು. ಬೇರೆ ಬೇರೆ ಆಟ ಇದ್ದದ್ದು ಬೆರಳೆಣಿಕೆ. ಉಳಿದಿದ್ದೆಲ್ಲ ಅದೇ ಆಟ, ಶುರುವಾಗುವ ಲೆವೆಲ್ ಮಾತ್ರ ಬೇರೆ. ಇಂಥ ಎಷ್ಟೋ ಕ್ಯಾಸೆಟ್ಟುಗಳಲ್ಲಿ ಮೊದಲ ಪರದೆಯಿಂದ ನಿಂಟೆಂಡೊ ಹೆಸರನ್ನೇ ಅಳಿಸಿರುತ್ತಿದ್ದರು. ನಿಮಗೆ ಆ ಹೆಸರು ಕಾಣದೆ ಇದ್ದದ್ದು ಅದಕ್ಕೇ. ಸೇವ್ ಮಾಡುವ ಸೌಲಭ್ಯ ಮಾತ್ರ ಅಸಲಿ ಮಾರಿಯೋದಲ್ಲೂ ಇರಲಿಲ್ಲ. ಆ ಕಾಲದ ಲೋಡ್ ಶೆಡ್ಡಿಂಗಿನಲ್ಲಿ ಕೊನೆಯ ಕೋಟೆ ಮುಟ್ಟಿದವರು ಪುಣ್ಯವಂತರು.

ಈಗ ಹಚ್ಚಿ ನೋಡಬೇಕು ಅನಿಸಿದರೆ ಕ್ಯಾಸೆಟ್ಟಿಗೆ ಊದಬೇಡಿ. "ಊದಲೇ, ಜೋರ್ ಊದು" ಅಂತ ಬಾಯಿ ನೋಯುವಷ್ಟು ಊದಿದ್ದೇವೆ, ಅಲ್ವಾ? ಕೆಲಸ ಮಾಡಿದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಉಸಿರಿನ ತೇವಕ್ಕೆ ಪಿನ್ನು ಜಂಗು ಹಿಡಿಯುತ್ತದೆ. ನಮ್ಮ ಬೇಸಿಗೆ ಧೂಳಿಗೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಸಾಕು. ಆರಿದ ಮೇಲೆ ಹಾಕಿ.

ಡಬ್ಬಿಯ ಹಿಂಬದಿಗೆ ಎವಿ ತೂತು (ಚಿತ್ರ, ಸದ್ದಿನ ವೈರ್ ಸಿಕ್ಕಿಸುವಂಥದ್ದು) ಇದ್ದರೆ, ಅದೇ ತೂತಿರುವ ಎಲ್‌ಇಡಿ ಟೀವಿಯಲ್ಲೂ ಮಾರಿಯೋ ಓಡಬಹುದು. ಗನ್ ಮಾತ್ರ ನಡೆಯದು. ಬಾತುಕೋಳಿ ಹೊಡೆಯುವ ಆಟದಲ್ಲಿ ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇರುವಲ್ಲಿ ಬಿಳಿ ಚೌಕ ಮಿಂಚುತ್ತದೆ. ಗನ್ನು ಗುಂಡು ಹಾರಿಸುವುದಿಲ್ಲ, ಆ ಬೆಳಕನ್ನು ನೋಡುತ್ತದೆ. ಹೊಸ ಟೀವಿ ಚಿತ್ರವನ್ನು ಚೂರು ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಗನ್ನು ನೋಡಿ ಮುಗಿಸಿರುತ್ತದೆ. ಯಾರದಾದರೂ ಮನೆಯಲ್ಲಿ ಹಳೆ ಡಬ್ಬಾ ಟೀವಿ ಉಳಿದಿದ್ದರೆ ಗನ್ ತಗೊಂಡು ಅಲ್ಲಿಗೇ ಹೋಗಿ.