ಮೇಷ್ಟ್ರಿಗೂ ಪಾಠ ಹೇಳಿದ ಮಕ್ಕಳ ಮನೋವೈದ್ಯ ಶೇಖರ್ ಶೇಷಾದ್ರಿ

"ಹಠ ಜಾಸ್ತಿ." "ಓದಿನಲ್ಲಿ ಗಮನವೇ ಇಲ್ಲ." "ದೊಡ್ಡವನಾದ ಮೇಲೆ ಸರಿಹೋಗ್ತಾನೆ ಬಿಡಿ." ಮಗುವಿನ ಮನಸ್ಸು ನೊಂದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಮಾತುಗಳು ಇವೇ ಅಲ್ವಾ?

ನಿಮ್ಹಾನ್ಸ್‌ನ ಡಾ. ಶೋಭಾ ಶ್ರೀನಾಥ್ ಮತ್ತು ತಂಡ ಬೆಂಗಳೂರಿನ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,064 ಮಕ್ಕಳನ್ನು ನೋಡಿತು. ಅದರ ವರದಿ ಬಂದದ್ದು 2005ರಲ್ಲಿ. ನೂರಕ್ಕೆ ಹನ್ನೆರಡು ಮಕ್ಕಳಿಗಾದರೂ ಏನೋ ಒಂದು ತೊಂದರೆ ಇತ್ತು. ಹಾಸಿಗೆ ಒದ್ದೆ ಮಾಡುವುದು, ವಿಪರೀತ ಭಯ, ತೊದಲು, ಒಂದು ಕಡೆ ಕೂರಲಾಗದ ಚಡಪಡಿಕೆ, ಹೀಗೆ. ಆದರೆ ಅದನ್ನು ತೊಂದರೆ ಎಂದು ಗುರುತಿಸಿದ ಕುಟುಂಬಗಳು ಶೇ 37.5 ಮಾತ್ರ. ನನ್ನನ್ನು ಜಾಸ್ತಿ ಕಾಡುವುದು ಈ ಎರಡನೆಯ ಅಂಕಿ. ಮನೆಯವರಿಗೇ ಕಾಣದ ನೋವು ಆಸ್ಪತ್ರೆಯ ಬಾಗಿಲಿಗೆ ಬರುವುದಾದರೂ ಹೇಗೆ?

ಡಾಕ್ಟರ್ ಒಬ್ಬರಿಂದಲೇ ಇದು ಆಗದು ಎಂಬ ಅರಿವು ನಿಮ್ಹಾನ್ಸ್‌ಗೆ ಮೊದಲೇ ಇತ್ತು. 1970ರ ದಶಕದಲ್ಲಿ ಬೆಂಗಳೂರು ಬಳಿಯ ಸಕಲವಾರದಲ್ಲಿ, ಆಮೇಲೆ ಬಳ್ಳಾರಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಲಾಗಿತ್ತು. ಮಕ್ಕಳ ವಿಷಯದಲ್ಲಿ ಆ ದಾರಿಯನ್ನು ತುಂಬಾ ದೂರ ಕೊಂಡೊಯ್ದವರಲ್ಲಿ ಒಬ್ಬರು ಡಾ. ಶೇಖರ್ ಶೇಷಾದ್ರಿ. ದಶಕಗಳ ಕಾಲ ಅಲ್ಲೇ ಮಕ್ಕಳ ಮನೋವೈದ್ಯರಾಗಿ, ಪ್ರಾಧ್ಯಾಪಕರಾಗಿ ದುಡಿದವರು. ಅವರ ತರಗತಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಷ್ಟೇ ಇರಲಿಲ್ಲ. ಶಾಲಾ ಶಿಕ್ಷಕರು, ಬಾಲಮಂದಿರದ ಸಿಬ್ಬಂದಿಯೂ ಕಲಿತರು. ಅದೂ ಬರೀ ಭಾಷಣದಿಂದಲ್ಲ. ಆಟ, ಕಥೆ, ನಾಟಕದಿಂದ.

ಆ ಪಾಠದ ಜೀವಾಳ ಮಗುವಿನ ಒಳದನಿ. ಬಾಲಮಂದಿರದ ಹುಡುಗನೊಬ್ಬ ಚಪಾತಿ ಕದ್ದು ದಿಂಬಿನಡಿ ಇಡುತ್ತಾನೆ ಎಂದುಕೊಳ್ಳಿ. ಕಳ್ಳ ಎಂದು ಬಯ್ಯುವುದು ಸುಲಭ. ಆದರೆ ಹಸಿದೇ ಬೆಳೆದ ಆ ಮಗುವಿಗೆ ನಾಳೆಯೂ ಊಟ ಸಿಗುತ್ತದೆ ಎಂಬ ನಂಬಿಕೆಯೇ ಹುಟ್ಟಿಲ್ಲ. ಇದು ಅರ್ಥವಾದ ವಾರ್ಡನ್‌ನ ದನಿ ತಾನಾಗಿಯೇ ಮೆತ್ತಗಾಗುತ್ತದೆ.

ಯಾರನ್ನೂ ಹೊರಗಿಡಬಾರದು ಎಂಬ ನಿಲುವು ಅವರನ್ನು ಸುಪ್ರೀಂ ಕೋರ್ಟ್‌ಗೂ ಕರೆದೊಯ್ಯಿತು. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿನ ಮೊಕದ್ದಮೆಯಲ್ಲಿ ಶೇಷಾದ್ರಿ ಮತ್ತು ಇತರ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಅರ್ಜಿ ಹಾಕಿದರು. ಸಲಿಂಗ ಪ್ರೇಮ ಕಾಯಿಲೆಯಲ್ಲ, ಈ ಕಾನೂನೇ ಜನರ ಮನಸ್ಸನ್ನು ಕುಗ್ಗಿಸುತ್ತಿದೆ ಎಂದರು. 2013ರ ತೀರ್ಪು ಅವರ ಪರ ಬರಲಿಲ್ಲ. 2018ರಲ್ಲಿ ಕೋರ್ಟೇ ಆ ತೀರ್ಪನ್ನು ತಳ್ಳಿಹಾಕಿತು. ಮೀಸೆ ಚಿಗುರುವ ವಯಸ್ಸಿನಲ್ಲಿ ತನ್ನ ಬಗ್ಗೆ ತಾನೇ ಹೆದರಿ ಕೂತ ಹುಡುಗನಿಗೆ, ಡಾಕ್ಟರ್ ಒಬ್ಬರು ತನ್ನ ಪರ ನಿಂತರು ಎಂಬುದು ಸಣ್ಣ ವಿಷಯವಲ್ಲ.

2014ರಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ನಿಮ್ಹಾನ್ಸ್‌ನ ಸಮುದಾಯ ಯೋಜನೆ ಶುರುವಾಯಿತು. ಮಕ್ಕಳ ಮನಸ್ಸಿನ ಆರೈಕೆ ಅಂಗನವಾಡಿ, ಸರ್ಕಾರಿ ಶಾಲೆ, ಬಾಲಮಂದಿರಗಳಿಗೆ ಹೋಯಿತು. 2020ರಲ್ಲಿ ಕೇಂದ್ರ ಸರ್ಕಾರದ ಬೆಂಬಲದೊಂದಿಗೆ, ಕಷ್ಟದಲ್ಲಿರುವ ಮಕ್ಕಳ ಮಾನಸಿಕ ಆರೈಕೆಗಾಗಿ ನಿಮ್ಹಾನ್ಸ್‌ನಲ್ಲಿ 'ಸಂವಾದ್' ಎಂಬ ಯೋಜನೆ ಹುಟ್ಟಿತು. ಬೆಂಗಳೂರಿನಲ್ಲಿ ಕಟ್ಟಿದ ಆ ಪಾಠ ಈಗ ಬೇರೆ ರಾಜ್ಯಗಳಿಗೂ ಹೋಗುತ್ತಿದೆ.