ಬಲಬದಿ ಸ್ಟೇರಿಂಗ್ ಇವಿಗೆ ಕಾಯುವವರು ಮೊದಲು ಕೇಳಬೇಕಾದದ್ದು

ಅಮೆರಿಕದಲ್ಲೋ ಜರ್ಮನಿಯಲ್ಲೋ ಹೊಸ ಇಲೆಕ್ಟ್ರಿಕ್ ಕಾರೊಂದು ಪರದೆ ಸರಿಸಿ ಹೊರಬಂದ ದಿನವೇ ನಮ್ಮವರ ಪ್ರಶ್ನೆ ಶುರುವಾಗುತ್ತದೆ: ಇಲ್ಲಿಗೆ ಯಾವಾಗ? ಕೇಳುವವರು ಬೆಂಗಳೂರಿನಲ್ಲಿರಲಿ, ಲಂಡನ್ನಿನಲ್ಲಿರಲಿ, ಮೆಲ್ಬರ್ನ್‌ನಲ್ಲಿರಲಿ, ಉತ್ತರ ಹುಡುಕಬೇಕಾದ ಜಾಗ ಒಂದೇ. ಆ ಮಾದರಿಯ ಬಲಬದಿ ಸ್ಟೇರಿಂಗ್ ಗಾಡಿಯನ್ನು ಯಾವ ಕಾರ್ಖಾನೆ ತಯಾರಿಸುತ್ತದೆ? ಈಗಾಗಲೇ ತಯಾರಿಸುತ್ತಿದೆಯೇ, ಇಲ್ಲ ಮುಂದೆ ತಯಾರಿಸುತ್ತೇವೆ ಅನ್ನುತ್ತಿದೆಯೇ? ಅನಾವರಣದ ದಿನಾಂಕದಿಂದಾಗಲಿ, ಬುಕಿಂಗ್ ತೆರೆದಿದೆ ಎಂಬ ಪ್ರಕಟಣೆಯಿಂದಾಗಲಿ ಇದು ತಿಳಿಯುವುದಿಲ್ಲ.

ಟೆಸ್ಲಾ ಮಾಡೆಲ್ 3 ಇದಕ್ಕೆ ಒಳ್ಳೆಯ ಉದಾಹರಣೆ. ಅದು ಅನಾವರಣಗೊಂಡದ್ದು 2016ರ ಮಾರ್ಚ್ 31ರಂದು. ಭಾರತದಿಂದಲೂ 1,000 ಡಾಲರ್ ಕಟ್ಟಿ ಹೆಸರು ಬರೆಸಿದವರಿದ್ದರು. ಅಮೆರಿಕದಲ್ಲಿ ಮೊದಲ ಗಾಡಿಗಳು ಕೈಸೇರಿದ್ದು 2017ರ ಜುಲೈನಲ್ಲಿ, ಬ್ರಿಟನ್ನಿನವರಿಗೆ ಸಿಕ್ಕಿದ್ದು 2019ರ ಜೂನ್‌ನಲ್ಲಿ. ಮಾಡೆಲ್ ವೈ ಕೂಡ ಹೀಗೆಯೇ: ಅಮೆರಿಕದಲ್ಲಿ 2020ರ ಮಾರ್ಚ್, ಬ್ರಿಟನ್ನಿನಲ್ಲಿ 2022ರ ಆರಂಭ, ಆಸ್ಟ್ರೇಲಿಯಾದಲ್ಲಿ 2022ರ ಆಗಸ್ಟ್. ಆದರೆ ಅದೇ ಕಾರಿನ ಪರಿಷ್ಕೃತ ಆವೃತ್ತಿ 2025ರ ಜನವರಿಯಲ್ಲಿ ಚೀನಾದ ಜೊತೆಜೊತೆಗೇ ಆಸ್ಟ್ರೇಲಿಯಾದಲ್ಲೂ ಆರ್ಡರಿಗೆ ತೆರೆಯಿತು. ಕೆಲವೇ ತಿಂಗಳಲ್ಲಿ ಗಾಡಿಗಳು ಗಿರಾಕಿಗಳ ಕೈಗೆ ಬಂದವು. ಎರಡು ವರ್ಷದ ಅಂತರ ತಿಂಗಳುಗಳಿಗೆ ಇಳಿದದ್ದು ಹೇಗೆ? ಆ ಹೊತ್ತಿಗೆ ಶಾಂಘೈ ಕಾರ್ಖಾನೆಯಲ್ಲಿ ಬಲಬದಿ ಗಾಡಿಗಳು ಮಾಮೂಲಿ ಉತ್ಪಾದನೆಯ ಭಾಗವಾಗಿದ್ದವು.

ಸ್ಟೇರಿಂಗ್ ಚಕ್ರವನ್ನು ಎಡದಿಂದ ಬಲಕ್ಕೆ ಸರಿಸಲು ಇಷ್ಟು ಕಾಲ ಏಕೆ ಬೇಕು ಎಂದು ಅನ್ನಿಸುವುದು ಸಹಜ. ಚಕ್ರ ಬರೀ ತುದಿ. ಅದರ ಹಿಂದೆ ಸ್ಟೇರಿಂಗ್ ಕಾಲಂ, ಅದರಿಂದ ಕೆಳಗಿಳಿಯುವ ಶಾಫ್ಟ್, ಮುಂದಿನ ಗಾಲಿಗಳನ್ನು ತಿರುಗಿಸುವ ರ‍್ಯಾಕ್ ಇವೆ. ರ‍್ಯಾಕ್‌ಗೆ ಹೊಂದಿಕೊಂಡ ಹಲ್ಲುಚಕ್ರ, ಅಂದರೆ ಪಿನಿಯನ್, ಬಲಕ್ಕೆ ಬರಬೇಕು. ಹಾಗೆ ಬಂದಾಗ ಶಾಫ್ಟ್ ಇಳಿಯುವ ದಾರಿಯಲ್ಲಿ ಮುಂದಿನ ಮೋಟಾರ್, ಎಸಿ ಕಂಪ್ರೆಸರ್ ಅಥವಾ ಕೂಲಂಟ್ ಪೈಪು ಅಡ್ಡ ಸಿಗಬಾರದು. ಡ್ಯಾಶ್‌ಬೋರ್ಡಿನ ಒಳಗೆ ಒಂದು ಬಾಗಿಲ ಕಂಬದಿಂದ ಇನ್ನೊಂದಕ್ಕೆ ಹಾಯುವ ಲೋಹದ ಅಡ್ಡತೊಲೆ ಇರುತ್ತದೆ. ಕಾಲಂ, ಏರ್‌ಬ್ಯಾಗ್, ಎಸಿ ಪೆಟ್ಟಿಗೆ ಎಲ್ಲವೂ ಅದಕ್ಕೇ ಕಚ್ಚಿಕೊಂಡಿರುವುದರಿಂದ ಅದನ್ನೇ ಹೊಸದಾಗಿ ಮಾಡಬೇಕು. ಎಸಿಯ ಬ್ಲೋವರ್ ಸಾಮಾನ್ಯವಾಗಿ ಪಕ್ಕದ ಸೀಟಿನವರ ಕಾಲ ಬಳಿ ಇರುತ್ತದೆ, ಅದೂ ಬದಿ ಬದಲಿಸುತ್ತದೆ. ಇವಿಗಳಲ್ಲಿ ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್ ಬದಲು ಮೋಟಾರ್ ಇರುವ ಬೂಸ್ಟರ್ ಬರುತ್ತದೆ. ಪೆಡಲಿನ ನೇರಕ್ಕೆ, ಕ್ಯಾಬಿನ್ನಿನ ಮುಂದಿನ ಗೋಡೆಗೆ ಅದನ್ನು ಬಿಗಿಯಬೇಕು. ಆ ಗೋಡೆಯ ಒತ್ತು ಅಚ್ಚು, ತೂತುಗಳ ಜಾಗ, ವೈರಿಂಗ್ ಹಾರ್ನೆಸ್ಸಿನ ಉದ್ದ, ಎಲ್ಲವೂ ಬೇರೆ. ಇದರ ಜೊತೆಗೆ ವೈಪರಿನ ಲಿಂಕೇಜ್, ಹೆಡ್‌ಲೈಟಿನ ಬೆಳಕಿನ ಆಕಾರ, ಮಂಜಿಗೆಂದು ಹಿಂದೆ ಇರುವ ಕೆಂಪು ದೀಪದ ಜಾಗ.

ಎಂಜಿನ್ನೂ ಎಕ್ಸಾಸ್ಟೂ ಇಲ್ಲದ್ದರಿಂದ ಇವಿಯಲ್ಲಿ ಈ ಕೆಲಸ ಸುಲಭ ಎಂಬ ಮಾತಿದೆ. ಅರ್ಧ ನಿಜ. ಮೊದಲ ನಕ್ಷೆಯಲ್ಲೇ ಎರಡೂ ಬದಿಗೆ ಜಾಗ ಬಿಟ್ಟಿದ್ದರೆ ಸುಲಭ. ಆಮೇಲೆ ಯೋಚಿಸಿದವರ ಕಾರಿನಲ್ಲಿ ಕುರುಹುಗಳು ಉಳಿಯುತ್ತವೆ, ಅವನ್ನು ಟೆಸ್ಟ್ ಡ್ರೈವಿನಲ್ಲೇ ನೋಡಿಕೊಳ್ಳಬಹುದು. ಎಡಗಾಲು ಇಡಲು ಜಾಗವಿಲ್ಲದೆ ಪೆಡಲುಗಳು ಒಂದಕ್ಕೊಂದು ಒತ್ತಿಕೊಂಡಿರುವುದು. ಫ್ಯೂಸ್ ಬಾಕ್ಸ್ ಎಡಗಡೆಯೇ ಉಳಿದು ಗ್ಲೋವ್‌ಬಾಕ್ಸ್ ಅರ್ಧಕ್ಕರ್ಧ ಸಣ್ಣದಾಗಿರುವುದು. ಕೆಲವು ಫ್ರೆಂಚ್ ಕಾರುಗಳಲ್ಲಿ ಇದು ಹಳೆಯ ದೂರು. ವೈಪರ್ ಎಡಬದಿ ಸ್ಟೇರಿಂಗಿನ ಲೆಕ್ಕದಲ್ಲೇ ಬೀಸಿ, ಚಾಲಕನ ಬಲಗಂಬದ ಪಕ್ಕ ಗಾಜಿನ ಒಂದು ಪಟ್ಟಿ ಒರೆಸದೆ ಬಿಡುವುದು. ಮಳೆಗಾಲದ ಆಗುಂಬೆ ಘಾಟಿಯಲ್ಲಿ ಬಲ ತಿರುವು ತೆಗೆದುಕೊಳ್ಳುವಾಗ ನೋಡಬೇಕಾದದ್ದು ಸರಿಯಾಗಿ ಆ ಪಟ್ಟಿಯ ಮೂಲಕವೇ. ಇಂಡಿಕೇಟರ್ ಕಡ್ಡಿ ಎಡಕ್ಕಿರುವುದು ಮಾತ್ರ ದೋಷವಲ್ಲ. ಯುರೋಪಿನ ಪದ್ಧತಿ ಹಾಗಿದೆ, ಒಂದೆರಡು ವಾರದಲ್ಲಿ ಕೈಗೆ ಒಗ್ಗುತ್ತದೆ.

ಗಾಡಿ ತಯಾರಾದ ಮೇಲೆ ಅನುಮೋದನೆಯ ಘಟ್ಟ. ಮುಖಾಮುಖಿ ಡಿಕ್ಕಿಯ ಪರೀಕ್ಷೆಯಲ್ಲಿ ಕಾರಿನ ಮುಂಭಾಗದ ಶೇ 40ರಷ್ಟನ್ನು ಮಾತ್ರ ತಡೆಗೆ ಗುದ್ದಿಸುತ್ತಾರೆ, ಅದೂ ಚಾಲಕನ ಬದಿಯಿಂದ. ಬಾನೆಟ್ಟಿನ ಅಡಿಯಲ್ಲಿ ಎಡಕ್ಕಿರುವ ಸಾಮಾನು ಬೇರೆ, ಬಲಕ್ಕಿರುವುದು ಬೇರೆ. ಆದ್ದರಿಂದ ಎಡಬದಿ ಗಾಡಿಯ ಫಲಿತಾಂಶವನ್ನು ಕನ್ನಡಿಯಲ್ಲಿ ತಿರುಗಿಸಿ ಓದಲಾಗದು, ಬಲಬದಿಗೆ ಬೇರೆ ಪುರಾವೆ ಒದಗಿಸಬೇಕು. ಇದಲ್ಲದೆ ಒಂದೊಂದು ದೇಶಕ್ಕೂ ತನ್ನದೇ ನಿಯಮಗಳಿವೆ. ಮಕ್ಕಳ ಸೀಟನ್ನು ಮೇಲಿನಿಂದ ಬಿಗಿಯುವ ಪಟ್ಟಿಗೆ ಹಿಂದಿನ ಸೀಟಿನಲ್ಲಿ ಕೊಂಡಿ ಇರಬೇಕು, ಅದು ಕೈಗೆ ಸಿಗುವಂತಿರಬೇಕು ಎನ್ನುತ್ತದೆ ಆಸ್ಟ್ರೇಲಿಯಾದ ವಿನ್ಯಾಸ ನಿಯಮ. 2024ರ ಜನವರಿಯಲ್ಲಿ ಪರಿಷ್ಕೃತ ಮಾಡೆಲ್ 3 ಗಾಡಿಗಳ ವಿತರಣೆ ಅಲ್ಲಿ ನಿಂತದ್ದು ಇದೇ ಕಾರಣಕ್ಕೆ. ಹಿಂದಿನ ನಡುಸೀಟಿನ ಕೊಂಡಿ ಹೊದಿಕೆಯಡಿ ಮುಚ್ಚಿಹೋಗಿತ್ತು. ಹಡಗಿನಿಂದ ಇಳಿದು ನಿಂತ ಗಾಡಿಗಳನ್ನೂ ಅದು ಸರಿಯಾಗುವವರೆಗೆ ಗಿರಾಕಿಗಳಿಗೆ ಕೊಡುವಂತಿರಲಿಲ್ಲ. ಬೆರಳು ತೂರುವಷ್ಟು ಜಾಗದ ಪ್ರಶ್ನೆ. ಮಗುವಿನ ಸೀಟು ಕಟ್ಟುವವರಿಗೆ ಅದೇ ದೊಡ್ಡದು, ನಿಯಮ ಬಿಗಿಯಾಗಿದ್ದದ್ದು ಸರಿಯೇ.

ಆಮೇಲೆ ಸರದಿ. ಕಾರ್ಖಾನೆಗಳು ಬಲಬದಿ ಗಾಡಿಗಳನ್ನು ದಿನಾ ಒಂದಿಷ್ಟು ಎಂದು ಮಾಡುವುದು ಕಡಿಮೆ. ಭಾಗಗಳು ಬೇರೆಯಾದ್ದರಿಂದ ಒಟ್ಟಿಗೆ ಒಂದು ಕಂತು ಮಾಡಿ, ಹಡಗು ತುಂಬಿಸುತ್ತವೆ. ಆ ಕಂತು ತಪ್ಪಿದ ಬಣ್ಣ, ತಪ್ಪಿದ ವೇರಿಯಂಟ್ ಮುಂದಿನ ಕಂತಿಗೆ ಹೋಗುತ್ತದೆ. ಶೋರೂಮಿನವರು ‘ಇನ್ನು ಆರು ವಾರ’ ಎಂದದ್ದು ಒಮ್ಮೆಲೇ ನಾಲ್ಕು ತಿಂಗಳಾಗುವುದು ಹೀಗೆ. ಬಂದರಿನಲ್ಲೂ ತಡವಾಗಬಹುದು. ಆಸ್ಟ್ರೇಲಿಯಾದಲ್ಲಿ 2023ರ ಸುಮಾರಿಗೆ ಕಾರುಗಳ ಸಂದುಗಳಲ್ಲಿ ಬೀಜ, ಮಣ್ಣು, ಹುಳುಗಳು ಸಿಕ್ಕಿ, ಎಲ್ಲವನ್ನೂ ತೊಳೆದು ಮತ್ತೆ ತಪಾಸಣೆ ಮಾಡುವವರೆಗೆ ಗಾಡಿಗಳು ಬಂದರಿನಲ್ಲೇ ಉಳಿದವು.

ಬಲಬದಿ ಆವೃತ್ತಿ ಇದೆ ಎಂದ ಮಾತ್ರಕ್ಕೆ ನಿಮ್ಮ ದೇಶಕ್ಕೆ ಬರುತ್ತದೆ ಎಂದಲ್ಲ. ಫೋರ್ಡ್ ಮಸ್ಟಾಂಗ್ ಮಾಕ್-ಇ ಬ್ರಿಟನ್ನಿನಲ್ಲಿ 2021ರಿಂದ ಓಡುತ್ತಿದ್ದರೂ ಆಸ್ಟ್ರೇಲಿಯಾ ತಲುಪಿದ್ದು 2023ರ ಕೊನೆಗೆ. ಇನ್ನು ಬಂದೇ ಬರುತ್ತದೆ ಎಂದು ಕಾದದ್ದು ಬರದೆಯೂ ಹೋಗಬಹುದು. ಟೆಸ್ಲಾ ಮಾಡೆಲ್ ಎಸ್ ಮತ್ತು ಎಕ್ಸ್‌ನ ಹೊಸ ರೂಪ 2021ರಲ್ಲಿ ಪ್ರಕಟವಾಯಿತು, ಬಲಬದಿ ಸ್ಟೇರಿಂಗಿನ ದೇಶಗಳಲ್ಲೂ ಜನ ಬುಕ್ ಮಾಡಿದರು. 2023ರ ಮೇ ತಿಂಗಳಲ್ಲಿ, ಸದ್ಯಕ್ಕೆ ಬಲಬದಿಯಲ್ಲಿ ತಯಾರಿಸುವುದಿಲ್ಲ ಎಂದು ಕಂಪನಿ ಹೇಳಿತು. ಅಡ್ವಾನ್ಸ್ ಕಟ್ಟುವ ಮೊದಲು ಮೂರು ಸಂಗತಿ ಬರಹದಲ್ಲಿ ಪಡೆಯಿರಿ. ಹಣ ಪೂರ್ತಿ ವಾಪಸಾಗುತ್ತದೆಯೇ, ಎಷ್ಟು ದಿನದಲ್ಲಿ. ಬೆಲೆ ಬುಕಿಂಗ್ ದಿನದ್ದೋ, ಡೆಲಿವರಿ ದಿನದ್ದೋ. ನಿಮ್ಮ ದೇಶದ ಅನುಮೋದನೆ ಸಿಕ್ಕಿದೆಯೇ, ಇಲ್ಲ ಅರ್ಜಿ ಹಂತದಲ್ಲಿದೆಯೇ. ಮೂರನೆಯದಕ್ಕೆ ನೇರ ಉತ್ತರ ಸಿಗದಿದ್ದರೆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಭಾರತದ ಮಟ್ಟಿಗೆ ಕಾಯುವಿಕೆಯ ದೊಡ್ಡ ಕಾರಣ ಸ್ಟೇರಿಂಗ್ ಅಲ್ಲ, ಸುಂಕ. ಪೂರ್ತಿ ಜೋಡಿಸಿ ತಂದ ಕಾರಿನ ಬೆಲೆ, ವಿಮೆ, ಹಡಗು ಬಾಡಿಗೆ ಸೇರಿ 40,000 ಡಾಲರ್ ಒಳಗಿದ್ದರೂ ಮೂಲ ಸುಂಕ ಶೇ 70. ಅದಕ್ಕಿಂತ ಮೇಲಿದ್ದರೆ ಇನ್ನೂ ಭಾರ. ಟೆಸ್ಲಾ 2025ರ ಜುಲೈ 15ರಂದು ಮುಂಬೈಯಲ್ಲಿ ಶೋರೂಮ್ ತೆರೆದಾಗ ಶಾಂಘೈಯಿಂದ ಬಂದ ಮಾಡೆಲ್ ವೈ ಬೆಲೆ 59.89 ಲಕ್ಷ ರೂಪಾಯಿಯಿಂದ ಶುರುವಾದದ್ದು ಈ ಕಾರಣಕ್ಕೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ 4,150 ಕೋಟಿ ರೂಪಾಯಿ ಹೂಡಿ ಇಲ್ಲಿಯೇ ತಯಾರಿಸಲು ಒಪ್ಪುವ ಕಂಪನಿಗೆ, 35,000 ಡಾಲರ್ ಮೇಲಿನ ಇವಿಗಳನ್ನು ವರ್ಷಕ್ಕೆ 8,000ದವರೆಗೆ ಶೇ 15ರ ಸುಂಕದಲ್ಲಿ ತರಲು ಅವಕಾಶ ಕೊಡಲಾಯಿತು. ಇನ್ನೊಂದು ದಾರಿ 2018ರ ನಿಯಮ: ಯುರೋಪ್ ಅಥವಾ ಜಪಾನ್ ಮಾನದಂಡಕ್ಕೆ ಒಪ್ಪಿದ ಬಲಬದಿ ಕಾರುಗಳನ್ನು ಇಲ್ಲಿನ ಪೂರ್ಣ ಪರೀಕ್ಷೆಯಿಲ್ಲದೆ ವರ್ಷಕ್ಕೆ 2,500ರವರೆಗೆ ತರಬಹುದು. ಕೆಲವು ದುಬಾರಿ ಇವಿಗಳು ಸಣ್ಣ ಸಂಖ್ಯೆಯಲ್ಲಿ ಬಂದು ಬೇಗ ಮುಗಿದುಹೋಗುವುದಕ್ಕೆ ಇಂಥ ಮಿತಿಯೂ ಒಂದು ಕಾರಣ.

ಅಮೆರಿಕದಿಂದ, ಕೊಲ್ಲಿ ದೇಶಗಳಿಂದ ಊರಿಗೆ ಮರಳುವ ಕನ್ನಡಿಗರು ಅಲ್ಲಿನ ಇವಿಯನ್ನು ತರಬಹುದೇ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಆಗುವುದಿಲ್ಲ. ಆಮದು ನಿಯಮದ ಪ್ರಕಾರ ಸ್ಟೇರಿಂಗ್ ಬಲಕ್ಕಿರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು, ಹೆಡ್‌ಲೈಟ್ ಎಡಬದಿಯ ಸಂಚಾರಕ್ಕೆ ಹೊಂದಬೇಕು. ಬ್ರಿಟನ್, ಆಸ್ಟ್ರೇಲಿಯಾದ ಕಾರಿಗೆ ಸ್ಟೇರಿಂಗಿನ ತೊಡಕಿಲ್ಲ, ಚಾರ್ಜ್ ಮಾಡುವ ಸಿಸಿಎಸ್2 ಪ್ಲಗ್ಗೂ ನಮ್ಮದೇ. ಆದರೆ ಬಳಸಿದ ಕಾರಿನ ಸುಂಕ ಹೊಸದಕ್ಕಿಂತ ಹೆಚ್ಚು, ವಾರಂಟಿ ದೇಶ ದಾಟಿ ಬರುತ್ತದೆಂಬ ಭರವಸೆಯಿಲ್ಲ. ಅಲ್ಲೇ ಮಾರಿ ಬರುವುದು ಜಾಣತನ.

ಕಾಯುವಾಗ ಜೇಬಿಗೆ ಕತ್ತರಿ ಬೀಳುವ ಇನ್ನೊಂದು ಜಾಗ ತೆರಿಗೆ ಮತ್ತು ಸಬ್ಸಿಡಿ. ಬ್ರಿಟನ್ ತನ್ನ ಪ್ಲಗ್-ಇನ್ ಕಾರ್ ಅನುದಾನವನ್ನು 2022ರ ಜೂನ್ 14ರಂದು ನಿಲ್ಲಿಸಿದಾಗ, ಅಷ್ಟರೊಳಗೆ ಆರ್ಡರ್ ಕೊಟ್ಟವರಿಗೆ ಅದು ಸಿಕ್ಕಿತು. ನ್ಯೂಜಿಲೆಂಡ್ 2023ರ ಡಿಸೆಂಬರ್ 31ಕ್ಕೆ ರಿಯಾಯಿತಿ ಮುಗಿಸಿದಾಗ ಲೆಕ್ಕಕ್ಕೆ ಬಂದದ್ದು ರಿಜಿಸ್ಟ್ರೇಷನ್ ದಿನ. ಹಡಗು ತಡವಾದವರಿಗೆ ಅದು ಕೈತಪ್ಪಿತು. ಕರ್ನಾಟಕದಲ್ಲಿ ಇವಿಗಳಿಗೆ ರಸ್ತೆ ತೆರಿಗೆಯೇ ಇರಲಿಲ್ಲ. 2024ರಲ್ಲಿ 25 ಲಕ್ಷ ರೂಪಾಯಿ ಮೀರಿದವಕ್ಕೆ ಶೇ 10ರ ಆಜೀವ ತೆರಿಗೆ ಬಂತು. 60 ಲಕ್ಷದ ಕಾರಿಗೆ ಅದು 6 ಲಕ್ಷ. ಬುಕ್ ಮಾಡುವ ದಿನದ ಆನ್‌ರೋಡ್ ಬೆಲೆಯನ್ನು ನಂಬಿ ಸಾಲದ ಮೊತ್ತ ನಿಗದಿ ಮಾಡಬೇಡಿ. ಆರ್‌ಟಿಒಗೆ ಕಾಗದ ಹೋಗುವ ದಿನದ ದರವೇ ನಿಮ್ಮ ದರ.

ಹಾಗಾದರೆ ಯಾವ ಕಾರಿಗೆ ಕಾಯಬಹುದು? ಬಲಬದಿ ಗಾಡಿ ಓಡಿಸುವ ದೇಶದಲ್ಲೇ ತಯಾರಾಗುವುದಕ್ಕೆ ನಿಶ್ಚಿಂತೆಯಿಂದ ಕಾಯಬಹುದು. ಬೆಂಗಳೂರಿನ ರೇವಾ 2001ರಲ್ಲಿ ಇಲ್ಲಿ ಬಂತು, 2004ರಿಂದ ಜಿ-ವಿಜ್ ಎಂಬ ಹೆಸರಲ್ಲಿ ಲಂಡನ್ನಿನಲ್ಲಿ ಮಾರಾಟವಾಯಿತು. ಆಗ ಎಡ-ಬಲದ ಮಾರ್ಪಾಟಿನ ಮಾತೇ ಬರಲಿಲ್ಲ. ಇಂದು ಸುಜುಕಿಯ ಇ-ವಿಟಾರಾ ಗುಜರಾತಿನ ಹಾಂಸಲ್‌ಪುರದಿಂದ ಬ್ರಿಟನ್, ಜಪಾನಿಗೂ ಹೋಗುತ್ತದೆ. ಚೀನಾದ ಬಿವೈಡಿ 2024ರಲ್ಲಿ ಥಾಯ್ಲೆಂಡಿನ ರಯಾಂಗ್‌ನಲ್ಲಿ, ವಿಯೆಟ್ನಾಮಿನ ವಿನ್‌ಫಾಸ್ಟ್ 2025ರಲ್ಲಿ ತೂತ್ತುಕುಡಿಯಲ್ಲಿ ಕಾರ್ಖಾನೆ ತೆರೆದಿವೆ. ಎಡಬದಿ ಸ್ಟೇರಿಂಗಿನ ದೇಶದಲ್ಲಿ ಮಾತ್ರ ತಯಾರಾಗುತ್ತಾ, ಬ್ರಿಟನ್ನಿಗೂ ಇನ್ನೂ ಬರದಿರುವ ಕಾರಿಗಾದರೆ ಈಗಿನ ಗಾಡಿಯನ್ನು ಮಾರಿ ಕೂರುವ ಅವಸರ ಬೇಡ.

ಕೊನೆಗೆ ಗಾಡಿ ಬಂದ ದಿನ. ಸಂಜೆ ಹೊತ್ತಿಗೆ ಹೋಗಿ. ಗೋಡೆಯಿಂದ ಏಳೆಂಟು ಮೀಟರ್ ದೂರ ನಿಲ್ಲಿಸಿ ಡಿಮ್ ಲೈಟ್ ಹಾಕಿಸಿ. ಬೆಳಕಿನ ಮೇಲಂಚು ಎಡಕ್ಕೆ ಏರಬೇಕು. ಬಲಕ್ಕೆ ಏರಿದರೆ ಅದು ಎಡಬದಿ ಸ್ಟೇರಿಂಗಿನ ದೀಪ, ಎದುರಿನವರ ಕಣ್ಣು ಕುಕ್ಕುತ್ತದೆ. ಕೆಲವು ಕಾರುಗಳಲ್ಲಿ ಇದು ಸಾಫ್ಟ್‌ವೇರ್ ಸೆಟ್ಟಿಂಗ್ ಮಾತ್ರ, ಅಲ್ಲೇ ಬದಲಿಸಲು ಹೇಳಿ. ಲೇನ್ ಹಿಡಿಯುವುದು, ವೇಗಮಿತಿ ಓದುವುದು ಮುಂತಾದ ಸೌಲಭ್ಯಗಳಲ್ಲಿ ನಿಮ್ಮ ದೇಶದಲ್ಲಿ ಇವತ್ತು ಕೆಲಸ ಮಾಡುವವು ಯಾವುವು ಎಂದು ಒಂದೊಂದಾಗಿ ಕೇಳಿ. ಮುಂದಿನ ಅಪ್‌ಡೇಟಿನ ಮಾತಿಗೆ ಹಣ ಕೊಡಬೇಡಿ. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿಯ ಸಂಖ್ಯೆ ನೋಡಿ: 1425 ಎಂದರೆ 2025ರ 14ನೇ ವಾರ. ಸೇಲ್ ಸರ್ಟಿಫಿಕೇಟಿನ ತಯಾರಿಕೆಯ ತಿಂಗಳಿನ ಜೊತೆ ಹೋಲಿಸಿ. ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಂತ ಗಾಡಿಯಲ್ಲಿ ಮೊದಲು ಸೋಲುವುದು 12 ವೋಲ್ಟಿನ ಸಣ್ಣ ಬ್ಯಾಟರಿ, ಅದನ್ನು ಪರೀಕ್ಷಿಸಿಯೇ ಕೊಡಲಿ. ದೊಡ್ಡ ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಮಾದರಿಯದಾಗಿದ್ದರೆ ಪರದೆಯ ಮೇಲಿನ ರೇಂಜ್ ಮೊದಲ ದಿನ ತಪ್ಪಾಗಿ ತೋರಿಸಬಹುದು. ಒಮ್ಮೆ ಶೇ 100ರವರೆಗೆ ಚಾರ್ಜ್ ಮಾಡಿದ ಮೇಲಷ್ಟೇ ಆ ಅಂಕಿಯನ್ನು ನಂಬಿ. ಒಂದೇ ಕಡೆ ನಿಂತು ಟೈರ್ ಚಪ್ಪಟೆಯಾಗಿದ್ದರೆ 60ರಿಂದ 80 ಕಿ.ಮೀ. ವೇಗದಲ್ಲಿ ಸ್ಟೇರಿಂಗಿನಲ್ಲಿ ನಡುಕ ಬರುತ್ತದೆ. ಹತ್ತಾರು ಕಿಲೋಮೀಟರ್ ಓಡಿದ ಮೇಲೂ ಅದು ಹೋಗದಿದ್ದರೆ ಟೈರ್ ಬದಲಿಸಿಕೊಡುವಂತೆ ಆ ವಾರವೇ ಬರಹದಲ್ಲಿ ಕೇಳಿ.