ಕುದುರೆ ಬಾಲದಿಂದ ಮೊಬೈಲಿನವರೆಗೆ: ಬೆಟ್ಟಿಂಗ್ ಲೆಕ್ಕ ನಡೆದು ಬಂದ ದಾರಿ

ಐಪಿಎಲ್ ಶುರುವಾದರೆ ಟೀ ಅಂಗಡಿ ಮುಂದೆ ಒಂದು ಮಾತು ಕಿವಿಗೆ ಬೀಳುತ್ತದೆ: ‘ನಲವತ್ತಾರು ನಾಟ್, ನಲವತ್ತೇಳು ಯೆಸ್.’ ಹೊಸಬರಿಗೆ ತಲೆಬುಡ ಅರ್ಥವಾಗುವುದಿಲ್ಲ. ಮೊದಲ ಆರು ಓವರಿನಲ್ಲಿ ಎಷ್ಟು ರನ್ ಬರುತ್ತದೆ ಅನ್ನುವುದರ ಮೇಲೆ ಕಟ್ಟುವ ಬಾಜಿ ಅದು. ‘ಸೆಷನ್’ ಅಂತಾರೆ. 47 ಅಥವಾ ಜಾಸ್ತಿ ಆಗುತ್ತದೆ ಅನ್ನುವವನು ಯೆಸ್ ಹೇಳುತ್ತಾನೆ. 46 ಮುಟ್ಟುವುದಿಲ್ಲ ಅನ್ನುವವನು ನಾಟ್ ಹೇಳುತ್ತಾನೆ. ಸರಿಯಾಗಿ 46 ಆಯಿತು ಅಂದುಕೊಳ್ಳಿ. ಇಬ್ಬರೂ ಸೋತರು. ಇಬ್ಬರ ದುಡ್ಡೂ ಬಾಜಿ ಹಿಡಿಯುವ ಬುಕ್ಕಿಗೆ.

ಆಡುವ ಹುಡುಗರು ಬ್ಯಾಟ್ಸ್‌ಮನ್ ನೋಡುತ್ತಾರೆ, ಪಿಚ್ ನೋಡುತ್ತಾರೆ. ನಡುವೆ ಬಿಟ್ಟಿರುವ ಆ ಒಂದು ರನ್ನಿನ ಸಂದನ್ನು ನೋಡುವುದಿಲ್ಲ. ಬೆಟ್ಟಿಂಗ್ ವ್ಯಾಪಾರ ಬದುಕಿರುವುದೇ ಆ ಸಂದಿನಲ್ಲಿ. ಅದು ಇವತ್ತಿನದಲ್ಲ, ಇನ್ನೂರು ವರ್ಷಕ್ಕೂ ಹಳೆಯದು.

ಹಿಂದೆ ಇಂಗ್ಲೆಂಡಿನಲ್ಲಿ ಇಬ್ಬರು ಶ್ರೀಮಂತರು ತಮ್ಮ ತಮ್ಮಲ್ಲೇ ಪಂದ್ಯ ಕಟ್ಟುತ್ತಿದ್ದರು. ‘ಆ ಒಂದು ಕುದುರೆ ನನ್ನದು, ಉಳಿದದ್ದೆಲ್ಲ ನಿನ್ನದು’ ಅನ್ನುವ ಹಾಗೆ. 1790ರ ದಶಕದಲ್ಲಿ ನ್ಯೂಮಾರ್ಕೆಟ್ ರೇಸ್ ಮೈದಾನದಲ್ಲಿ ಹ್ಯಾರಿ ಆಗ್ಡೆನ್ ಎಂಬಾತ ಒಂದೊಂದು ಕುದುರೆಗೂ ಬೇರೆ ಬೇರೆ ದರ ಕೂಗತೊಡಗಿದ. ಮೊದಲ ಬುಕ್‌ಮೇಕರ್ ಅಂತ ಅವನನ್ನೇ ಹೇಳುತ್ತಾರೆ. ಬಾಜಿಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವವನು ಬುಕ್‌ಮೇಕರ್. ನಮ್ಮ ಬಾಯಲ್ಲಿ ಅವನೇ ಬುಕ್ಕಿ.

ಅವನ ಲೆಕ್ಕ ಹೀಗೆ. ನಾಲ್ಕು ಕುದುರೆ ಇವೆ, ನಾಲ್ಕೂ ಸಮಬಲ. ನ್ಯಾಯವಾಗಿ ನೂರು ಕಟ್ಟಿದವನಿಗೆ ಮುನ್ನೂರು ಲಾಭ ಸಿಗಬೇಕು. ಅಂದರೆ ‘ತ್ರೀ ಟು ಒನ್’. ಬುಕ್ಕಿ ಕೊಡುವುದು ‘ಫೈವ್ ಟು ಟೂ’, ನೂರಕ್ಕೆ ಇನ್ನೂರೈವತ್ತು. ನಾಲ್ಕು ಜನ ಒಂದೊಂದು ಕುದುರೆಗೆ ನೂರು ನೂರು ಕಟ್ಟಿದರೆ ಅವನ ಕೈಗೆ ಬಂದದ್ದು 400. ಗೆದ್ದವನಿಗೆ ಅವನ ನೂರೂ ಸೇರಿಸಿ ಕೊಡುವುದು 350. ಯಾವ ಕುದುರೆ ಗೆದ್ದರೂ ಐವತ್ತು ಅವನಿಗೇ. ಅವನಿಗೆ ಕುದುರೆ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ಎಲ್ಲ ಕಡೆಯೂ ದುಡ್ಡು ಸರಿಯಾಗಿ ಹಂಚಿಕೊಂಡು ಬಿದ್ದರೆ ಸಾಕು.

1860ರ ದಶಕದಲ್ಲಿ ಪ್ಯಾರಿಸ್‌ನ ಜೋಸೆಫ್ ಒಲ್ಲೆರ್ ಬೇರೆ ದಾರಿ ಹಿಡಿದ. ಮುಂದೆ ಅಲ್ಲಿನ ಹೆಸರಾಂತ ನೃತ್ಯಶಾಲೆ ಮೂಲಾ ರೂಜ್ ಕಟ್ಟಿದವರಲ್ಲಿ ಇವನೂ ಒಬ್ಬ. ಎಲ್ಲರ ದುಡ್ಡನ್ನೂ ಒಂದೇ ಗಂಟಿಗೆ ಹಾಕುವುದು, ನಡೆಸುವವರ ಪಾಲು ತೆಗೆಯುವುದು, ಉಳಿದದ್ದನ್ನು ಗೆದ್ದವರಿಗೆ ಹಂಚುವುದು. ಇಲ್ಲಿ ದರ ಕೂಗುವವರು ಯಾರೂ ಇಲ್ಲ, ಜನ ಕಟ್ಟಿದ ದುಡ್ಡೇ ದರ ಆಗುತ್ತದೆ. 1891ರಲ್ಲಿ ಫ್ರಾನ್ಸ್ ಬುಕ್ಕಿಗಳನ್ನು ದೂರ ಇಟ್ಟು ಈ ಪದ್ಧತಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಆದರೆ ಸಾವಿರಾರು ಟಿಕೆಟ್‌ಗಳ ಲೆಕ್ಕವನ್ನು ರೇಸ್ ಓಡುವುದರೊಳಗೆ ಕೂಡುವವರು ಯಾರು? ಅದಕ್ಕೆ ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯಾದ ಎಂಜಿನಿಯರ್ ಜಾರ್ಜ್ ಜೂಲಿಯಸ್ ಅವರಿಂದ. ಅವರು ಮೊದಲು ಮಾಡಹೊರಟಿದ್ದು ಚುನಾವಣೆಯ ಮತ ಎಣಿಸುವ ಯಂತ್ರ. ಸರ್ಕಾರ ಬೇಡ ಅಂದಿತು. ಅದನ್ನೇ ಬದಲಾಯಿಸಿ, 1913ರಲ್ಲಿ ಆಕ್ಲೆಂಡ್‌ನ ಎಲರ್ಸ್ಲಿ ಮೈದಾನದಲ್ಲಿ ನಿಲ್ಲಿಸಿದರು. ಅದು ಟೋಟಲೈಸೇಟರ್. ನಮ್ಮ ರೇಸ್ ಕೋರ್ಸ್‌ಗಳ ‘ಟೋಟ್’ ಕೌಂಟರ್ ಇದರ ವಂಶದ್ದೇ.

ಟೋಟ್‌ನಲ್ಲಿ ಒಂದು ರೇಸಿಗೆ ಒಂದು ಲಕ್ಷ ಬಿತ್ತು ಅನ್ನಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ಶೇ 20 ಕಡಿತ ಹಿಡಿಯೋಣ. ಉಳಿದದ್ದು 80,000. ಗೆದ್ದ ಕುದುರೆ ಮೇಲೆ 16,000 ಬಿದ್ದಿದ್ದರೆ ಹತ್ತು ರೂಪಾಯಿ ಟಿಕೆಟ್ಟಿಗೆ ಐವತ್ತು ರೂಪಾಯಿ. ಎಲ್ಲರೂ ಹಿಂದೆ ಬಿದ್ದ ‘ಫೇವರಿಟ್’ ಗೆದ್ದರೆ ಕೈಗೆ ಬರುವುದು ಚಿಲ್ಲರೆ.

ಬೆಂಗಳೂರು, ಮೈಸೂರು ಕಡೆ ಇದಕ್ಕೆ ‘ಕುದುರೆ ಬಾಲಕ್ಕೆ ದುಡ್ಡು ಕಟ್ಟೋದು’ ಅನ್ನುತ್ತಾರೆ. ಮೈಸೂರು ರೇಸ್ ಕ್ಲಬ್ ಶುರುವಾದದ್ದು 1891ರಲ್ಲಿ. ಹಾಗಾಗಿ ಈ ಮಾತು ನಮ್ಮ ಮನೆಗಳಿಗೆ ಹೊಸದೇನಲ್ಲ. ನಮ್ಮ ದೊಡ್ಡಪ್ಪ ಹಿಂದಿನ ರಾತ್ರಿಯೇ ರೇಸ್ ಬುಕ್ ಹರಡಿಕೊಂಡು ಕೂರುತ್ತಿದ್ದರು, ಕಿವಿ ಹಿಂದೆ ಪೆನ್ಸಿಲ್. ಅವರು ತೀರಿಕೊಂಡ ಮೇಲೆ ಅಟ್ಟದಿಂದ ಆ ಪುಸ್ತಕಗಳನ್ನು ಇಳಿಸಿದೆವು. ಒಳಗೆ ಹಳೆ ಟಿಕೆಟ್‌ಗಳಿದ್ದವು. ಕುದುರೆ ಹೆಸರುಗಳ ಪಕ್ಕದ ಖಾಲಿ ಜಾಗದಲ್ಲಿ ದೊಡ್ಡಮ್ಮನ ಕೈಬರಹದಲ್ಲಿ ಹಾಲಿನ ಬಾಕಿ ಲೆಕ್ಕ ಇತ್ತು.

ಅವರ ಬಾಯಿಂದಲೇ ನಾನು ಬಾಜಿಗಳ ಹೆಸರು ಕಲಿತದ್ದು. ‘ವಿನ್’ ಅಂದರೆ ಕುದುರೆ ಮೊದಲು ಬರಬೇಕು. ‘ಪ್ಲೇಸ್’ ಅಂದರೆ ಸಾಮಾನ್ಯವಾಗಿ ಮೊದಲ ಮೂರರಲ್ಲಿ ಬಂದರೂ ಸಾಕು, ಅದಕ್ಕೇ ದುಡ್ಡೂ ಕಡಿಮೆ. ‘ಕ್ವಿನೆಲಾ’ದಲ್ಲಿ ಮೊದಲೆರಡು ಕುದುರೆ ಹೇಳಬೇಕು, ಹಿಂದೆ ಮುಂದೆ ಆದರೂ ಪರವಾಗಿಲ್ಲ. ‘ಫೋರ್‌ಕಾಸ್ಟ್’ನಲ್ಲಿ ಆ ಎರಡನ್ನೂ ಕ್ರಮವಾಗಿ ಹೇಳಬೇಕು. ‘ತನಾಲಾ’ ಅಂದರೆ ಮೊದಲ ಮೂರು, ಅದೂ ಕ್ರಮವಾಗಿ. ‘ಜಾಕ್‌ಪಾಟ್’ ಆಡಿದರೆ ಐದು ರೇಸಿನ ಐದು ಗೆಲ್ಲುವ ಕುದುರೆ ಹೇಳಬೇಕು. ದೊಡ್ಡಪ್ಪನಿಗೆ ಜಾಕ್‌ಪಾಟ್ ಹುಚ್ಚು. ಹತ್ತು ಕುದುರೆ ಓಡಿದರೆ ಕ್ವಿನೆಲಾಕ್ಕೆ 45 ಜೋಡಿ, ತನಾಲಾಕ್ಕೆ 720 ಸಾಧ್ಯತೆ. ಐದೂ ರೇಸಿನಲ್ಲಿ ಹತ್ತು ಹತ್ತು ಕುದುರೆಯಾದರೆ ಜಾಕ್‌ಪಾಟಿಗೆ ಒಂದು ಲಕ್ಷ ಸಾಧ್ಯತೆ. ಅವರಿಗೆ ಯಾರಾದರೂ ಈ ಗುಣಾಕಾರ ಮಾಡಿ ತೋರಿಸಿದ್ದರೆ ಅಂತ ಈಗಲೂ ಅನಿಸುತ್ತದೆ.

ಬೇರೆ ಆಟಗಳಿಗೆ ಬೆಟ್ಟಿಂಗ್ ಹಬ್ಬಿದಾಗ ಬಾಜಿಗಳ ರೂಪವೂ ಬದಲಾಯಿತು. ಬಲವಾದ ತಂಡ, ಬಡಕಲು ತಂಡ ಆಡಿದರೆ ‘ಯಾರು ಗೆಲ್ಲುತ್ತಾರೆ’ ಅನ್ನುವುದರಲ್ಲಿ ಮಜಾ ಇರುವುದಿಲ್ಲ. ಅದಕ್ಕೆ ಅಮೆರಿಕದಲ್ಲಿ ‘ಸ್ಪ್ರೆಡ್’ ಬಂತು. ಬಲವಾದ ತಂಡ ಇಂತಿಷ್ಟು ಅಂಕಗಳಿಗಿಂತ ಜಾಸ್ತಿ ಅಂತರದಲ್ಲಿ ಗೆಲ್ಲಬೇಕು. ಒಟ್ಟು ಅಂಕ ಎಷ್ಟಕ್ಕಿಂತ ಮೇಲೆ, ಎಷ್ಟಕ್ಕಿಂತ ಕೆಳಗೆ ಅನ್ನುವುದು ‘ಓವರ್-ಅಂಡರ್’. ನಮ್ಮ ಸೆಷನ್ ಇದರದೇ ತಮ್ಮ. ಹಲವು ಪಂದ್ಯಗಳನ್ನು ಒಂದಕ್ಕೊಂದು ಪೋಣಿಸಿ, ಎಲ್ಲವೂ ಗೆದ್ದರೆ ಮಾತ್ರ ದುಡ್ಡು ಕೊಡುವುದು ‘ಪಾರ್ಲೆ’.

ಪಾರ್ಲೆ ಹತ್ತಿರ ಸ್ವಲ್ಪ ನಿಲ್ಲೋಣ, ಹುಡುಗರನ್ನು ಜಾಸ್ತಿ ಎಳೆಯುವುದು ಇದೇ. ನಾಣ್ಯ ಚಿಮ್ಮಿದ ಹಾಗೆ ಫಿಫ್ಟಿ-ಫಿಫ್ಟಿ ಇರುವ ಬಾಜಿಗೆ ಒಂದು ರೂಪಾಯಿಗೆ ಎರಡು ಬರಬೇಕು. ಕೊಡುವುದು 1.90. ಅಂದರೆ ನೂರಕ್ಕೆ ಐದು ಅವರಿಗೆ. ಅಂಥ ನಾಲ್ಕನ್ನು ಪೋಣಿಸಿದರೆ ಒಂದಕ್ಕೆ ಹದಿನಾರು ಬರಬೇಕಿತ್ತು, ಬರುವುದು ಸುಮಾರು ಹದಿಮೂರು. ಐದು ಇದ್ದ ಕಡಿತ ಹದಿನೆಂಟು ದಾಟಿತು. ಪರದೆಯ ಮೇಲೆ ಮಾತ್ರ ‘ನೂರಕ್ಕೆ ಸಾವಿರದ ಮುನ್ನೂರು’ ಅಂತ ಕಾಣುತ್ತದೆ.

ಇನ್ನು ಕಾನೂನು. 1867ರ ಸಾರ್ವಜನಿಕ ಜೂಜು ಕಾಯ್ದೆ ಬ್ರಿಟಿಷರದು. 1872ರ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿ ದುಡ್ಡಿಗಾಗಿ ಕೋರ್ಟಿಗೆ ಹೋಗುವ ಹಾಗಿಲ್ಲ. ಆದರೆ ಅದೇ ಕಲಂ, 500 ರೂಪಾಯಿ ಅಥವಾ ಹೆಚ್ಚಿನ ಬಹುಮಾನದ ಕುದುರೆ ರೇಸಿಗೆ ದುಡ್ಡು ಕೂಡಿಸುವುದನ್ನು ಹೊರಗಿಟ್ಟಿತು. ಅಂದಿನಿಂದಲೂ ಕುದುರೆಗೆ ಬೇರೆ ಮರ್ಯಾದೆ. ಸಂವಿಧಾನ ಜೂಜನ್ನು ರಾಜ್ಯಗಳ ಪಟ್ಟಿಗೆ ಸೇರಿಸಿತು. 1996ರಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಎಂದಿತು. ಕ್ರಿಕೆಟ್ ಬೆಟ್ಟಿಂಗ್‌ಗೆ ಆ ಮರ್ಯಾದೆ ಸಿಗಲಿಲ್ಲ, ಅದು ಕದ್ದುಮುಚ್ಚಿಯೇ ಬೆಳೆಯಿತು. 2000ದಲ್ಲಿ ದಕ್ಷಿಣ ಆಫ್ರಿಕಾ ತಂಡದ ನಾಯಕ ಹ್ಯಾನ್ಸಿ ಕ್ರೋನಿಯೆಯ ಮ್ಯಾಚ್ ಫಿಕ್ಸಿಂಗ್ ಪ್ರಕರಣ, 2013ರಲ್ಲಿ ಐಪಿಎಲ್ ಸ್ಪಾಟ್ ಫಿಕ್ಸಿಂಗ್. 2019ರಲ್ಲಿ ನಮ್ಮದೇ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಪೊಲೀಸರು ಆಟಗಾರರನ್ನೂ ಬಂಧಿಸಿದರು. ಒಂದೊಂದು ಓವರಿಗೂ ಬಾಜಿ ಇರುವಾಗ ಇಡೀ ಪಂದ್ಯ ಸೋಲಬೇಕಾಗಿಲ್ಲ, ಒಂದು ಓವರ್ ಕೆಡಿಸಿದರೆ ಸಾಕು.

2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ದುಡ್ಡಿನ ಆಟಗಳನ್ನು ನಿಷೇಧಿಸಿತು. ಆಗಲೂ ಕುದುರೆಗೆ ವಿನಾಯಿತಿ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಪಾಸು ಮಾಡಿತು. ದುಡ್ಡಿನ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ನನ್ನ ಮಟ್ಟಿಗೆ ಅದರಲ್ಲಿ ತುಂಬ ಸರಿಯಾದ ಮಾತು ಇದೇ. ಸಾಲ ಮಾಡಿಕೊಂಡು ಕೂತ ಹುಡುಗ ಪೊಲೀಸರಿಗೆ ಹೆದರಿ ಬಾಯಿ ಮುಚ್ಚಿಕೊಂಡರೆ ಮನೆಯವರಿಗೆ ವಿಷಯ ಗೊತ್ತಾಗುವುದೇ ತಡವಾಗಿ.

ದೊಡ್ಡಪ್ಪನಿಗೆ ರೇಸ್ ದಿನ ಮುಗಿದ ಮೇಲೆ ಮನೆಗೆ ಬರಲೇಬೇಕಿತ್ತು, ಕೌಂಟರ್ ಮುಚ್ಚುತ್ತಿತ್ತು. ಫೋನಿನಲ್ಲಿ ಕೌಂಟರ್ ಮುಚ್ಚುವುದಿಲ್ಲ. ಮನೆಯಲ್ಲಿ ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್‌ನೆಟ್ ಗೀಳಿಗೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ.